ಬಲ್ಲವನು ಮತ್ತು ಮಾಡಿಸುವವನು

ಪೋಲಾಸಪುರದ ಕುಂಬಾರ ಸದ್ದಾಲಪುತ್ತ ಆಜೀವಿಕ ಮತದವನು, ಮಕ್ಖಲಿ ಗೋಸಾಲನ ಅನುಯಾಯಿ. ಆಗುವುದೆಲ್ಲ ನಿಯತಿಯಂತೆ ಆಗುತ್ತದೆ, ಮನುಷ್ಯಪ್ರಯತ್ನದಿಂದ ಏನೂ ಆಗುವುದಿಲ್ಲ ಎಂಬುದು ಆ ಮತದ ತಿರುಳು. ಒಮ್ಮೆ ಅವನು ಹಸಿ ಮಡಕೆಗಳನ್ನು ಬಿಸಿಲಿಗೆ ಇಡಿಸುತ್ತಿದ್ದಾಗ ಮಹಾವೀರರು ಅಲ್ಲಿಗೆ ಬಂದು, ಇವು ಹೇಗಾದವು ಎಂದು ಕೇಳಿದರು. ಮೊದಲು ಮಣ್ಣಾಗಿತ್ತು, ನೀರು ಹಾಕಿ ನೆನೆಸಿ, ಬೂದಿ ಸಗಣಿ ಬೆರೆಸಿ ಹದ ಮಾಡಿ, ತಿಗರಿಗೆ ಏರಿಸಿದೆವು ಎಂದ ಕುಂಬಾರ. ಪ್ರಯತ್ನದಿಂದ ಆದವೋ, ಪ್ರಯತ್ನವಿಲ್ಲದೆಯೋ? ತನ್ನ ಮತಕ್ಕೆ ತಕ್ಕಂತೆ ಅವನು ಪ್ರಯತ್ನವಿಲ್ಲದೆ ಎಂದೇ ಉತ್ತರಿಸಿದ. ಹಾಗಾದರೆ ನಿನ್ನ ಆಳೊಬ್ಬ ಈ ಮಡಕೆಗಳನ್ನು ಕದ್ದರೆ, ಒಡೆದುಹಾಕಿದರೆ, ನಿನ್ನ ಹೆಂಡತಿ ಅಗ್ಗಿಮಿತ್ತೆಯ ಮೇಲೆ ಕೈಹಾಕಿದರೆ ಏನು ಮಾಡುತ್ತೀ? ಬೈಯುತ್ತೇನೆ, ಕಟ್ಟಿಹಾಕಿ ಹೊಡೆಯುತ್ತೇನೆ ಎಂದ. ಎಲ್ಲವೂ ನಿಯತವೇ ಆಗಿದ್ದರೆ ಕದ್ದವನೂ ಇಲ್ಲ, ಒಡೆದವನೂ ಇಲ್ಲ, ಹೊಡೆಯುವುದು ಯಾರನ್ನು? ಸದ್ದಾಲಪುತ್ತ ಸೋತ, ಮಹಾವೀರರ ಕಡೆಗೆ ಬಂದ. ಉಪಾಸಕದಶಾ ಎಂಬ ಜೈನ ಆಗಮದ ಏಳನೆಯ ಅಧ್ಯಯನದಲ್ಲಿ ಈ ಪ್ರಸಂಗವಿದೆ.

ಈ ಕತೆಯೊಳಗೆ ಇನ್ನೊಂದು ಪ್ರಶ್ನೆಯಿದೆ. ಜೈನರ ಪಾಲಿಗೆ ಮಹಾವೀರರು ಸರ್ವಜ್ಞರು. ಹಿಂದಿನದು, ಇಂದಿನದು, ಮುಂದಿನದು ಎಲ್ಲವೂ ಅವರ ಕೇವಲಜ್ಞಾನಕ್ಕೆ ಗೋಚರ. ಅಂದರೆ ಕುಂಬಾರ ಯಾವ ಉತ್ತರ ಕೊಡುತ್ತಾನೆ, ಕೊನೆಗೆ ಯಾವ ಮತ ಹಿಡಿಯುತ್ತಾನೆ ಎಂಬುದು ಅವರಿಗೆ ಮೊದಲೇ ತಿಳಿದಿತ್ತು. ಸರ್ವಜ್ಞನ ಅರಿವು ತಪ್ಪುವಂತಿಲ್ಲ. ಹಾಗಿದ್ದಮೇಲೆ ಕುಂಬಾರನಿಗೆ ಬೇರೆ ಉತ್ತರ ಕೊಡುವ ದಾರಿಯೇ ಇರಲಿಲ್ಲವಲ್ಲ? ಪುರುಷಪ್ರಯತ್ನ ಉಂಟೆಂದು ಸಾಧಿಸಿದವರ ಅರಿವೇ ಆ ಪ್ರಯತ್ನವನ್ನು ಇಲ್ಲವಾಗಿಸಿತೇ?

ಎಲ್ಲವನ್ನೂ ಬಲ್ಲ ದೇವರನ್ನು ಒಪ್ಪಿಕೊಂಡು, ಪಾಪಪುಣ್ಯಕ್ಕೆ ಮನುಷ್ಯನೇ ಹೊಣೆ ಎಂದೂ ಹೇಳುವ ಮತಗಳೆಲ್ಲ ಈ ತೊಡಕನ್ನು ಎದುರಿಸಿವೆ. ಯೆಹೂದಿ, ಕ್ರೈಸ್ತ, ಇಸ್ಲಾಂ, ವೇದಾಂತ ಯಾವುದೂ ಇದಕ್ಕೆ ಹೊರತಲ್ಲ. ಆದರೆ ಜೈನರಲ್ಲಿ ಇದು ಬೆರಕೆಯಿಲ್ಲದೆ ಸಿಗುತ್ತದೆ. ಅವರ ಸರ್ವಜ್ಞ ಜಗತ್ತನ್ನು ಸೃಷ್ಟಿಸಿದವನಲ್ಲ, ಯಾರಿಂದಲೂ ಏನನ್ನೂ ಮಾಡಿಸುವವನಲ್ಲ, ಬರೀ ಬಲ್ಲವನು. ಉಳಿದ ಕಡೆ ದೇವರು ಬಲ್ಲವನೂ ಹೌದು, ಜಗತ್ತನ್ನು ಮಾಡಿದವನೂ ಹೌದು. ಈ ಎರಡನ್ನು ಬಿಡಿಸಿ ನೋಡದೆ ಇದ್ದುದರಿಂದಲೇ ಈ ವಾದ ಇಷ್ಟು ಸಿಕ್ಕಾಗಿದೆ ಎಂದು ನಾನು ತಿಳಿಯುತ್ತೇನೆ. ಬರಿಯ ಅರಿವು ಯಾರ ಸ್ವಾತಂತ್ರ್ಯವನ್ನೂ ಕಸಿಯುವುದಿಲ್ಲ. ಕಷ್ಟವಿರುವುದು ಮಾಡಿಸುವಿಕೆಯಲ್ಲಿ.

ಮೊದಲು ಎದುರಾಳಿಯ ವಾದವನ್ನು ಅದರ ಗಟ್ಟಿ ರೂಪದಲ್ಲೇ ಕೇಳೋಣ. 1965ರಲ್ಲಿ ಅಮೆರಿಕದ ತತ್ತ್ವಶಾಸ್ತ್ರಜ್ಞ ನೆಲ್ಸನ್ ಪೈಕ್ ಬರೆದ ಲೇಖನವೊಂದು ಇಂದಿಗೂ ಚರ್ಚೆಯಲ್ಲಿದೆ. ಜೋನ್ಸ್ ಎಂಬಾತ ಶನಿವಾರ ತನ್ನ ಮನೆಯ ಮುಂದಿನ ಹುಲ್ಲು ಕತ್ತರಿಸುತ್ತಾನೆ. ದೇವರು ಸರ್ವಜ್ಞನಾದ್ದರಿಂದ 80 ವರ್ಷ ಮೊದಲೇ ಅದನ್ನು ಬಲ್ಲ. ಶನಿವಾರ ಬೆಳಗ್ಗೆ ಜೋನ್ಸ್ ಸುಮ್ಮನಿರಬಹುದಿತ್ತೇ? ಇರಬಹುದಿತ್ತು ಎಂದರೆ ಮೂರರಲ್ಲಿ ಒಂದು ಅವನ ಕೈಯಲ್ಲಿರಬೇಕು: ದೇವರ ತಿಳಿವಳಿಕೆಯನ್ನು ಸುಳ್ಳಾಗಿಸುವುದು, 80 ವರ್ಷದ ಹಿಂದೆ ದೇವರು ಹಾಗೆ ತಿಳಿದೇ ಇರಲಿಲ್ಲ ಎಂದು ಮಾಡುವುದು, ಇಲ್ಲವೇ ಅಂದು ತಿಳಿದಿದ್ದವನು ದೇವರೇ ಅಲ್ಲ ಎಂದಾಗಿಸುವುದು. ಯಾವುದೂ ಮನುಷ್ಯನ ಕೈಲಾಗದು. ಆಗಿಹೋದದ್ದನ್ನು ಬದಲಿಸಲು ಯಾರಿಗೂ ಬರುವುದಿಲ್ಲ ಎಂಬ ಒಂದೇ ಮಾತಿನ ಬಲದ ಮೇಲೆ ಈ ವಾದ ನಿಂತಿದೆ.

ಇದಕ್ಕೆ ಹಳೆಯ ಉತ್ತರವೊಂದಿದೆ. ಮೂರನೆಯ ಶತಮಾನದ ಕ್ರೈಸ್ತ ಚಿಂತಕ ಒರಿಜೆನ್ ಅದನ್ನು ನೇರವಾಗಿ ಹೇಳಿದ್ದ: ದೇವರು ಬಲ್ಲನೆಂಬ ಕಾರಣಕ್ಕೆ ಅದು ನಡೆಯುವುದಿಲ್ಲ, ನಡೆಯಲಿರುವುದರಿಂದಲೇ ದೇವರು ಬಲ್ಲ. ನಿನ್ನ ನೆನಪು ಹೇಗೆ ಆಗಿಹೋದದ್ದನ್ನು ಬಲವಂತದಿಂದ ನಡೆಸಲಿಲ್ಲವೋ, ದೇವರ ಮುನ್ನರಿವೂ ಹಾಗೆಯೇ ಎಂದು ಅಗಸ್ಟೀನ್ (354–430) ಅದನ್ನೇ ಬೆಳೆಸಿದ. ನಮ್ಮವರು ಇದಕ್ಕೆ ಪಂಚಾಂಗದ ಮಾತು ಹೇಳುತ್ತಾರೆ: ಗ್ರಹಣ ಇಂಥ ದಿನ, ಇಂಥ ಹೊತ್ತಿಗೆ ಎಂದು ಪಂಚಾಂಗದಲ್ಲಿ ಬರೆದಿದ್ದರಿಂದ ಗ್ರಹಣ ಹಿಡಿಯುವುದಿಲ್ಲ.

ಮಾತು ಸರಿ, ಆದರೆ ಅರ್ಧ ಮಾತ್ರ. ಪಂಚಾಂಗ ಬರೆಯುವವರಿಗೆ ಗ್ರಹಣದ ಹೊತ್ತು ತಿಳಿಯುವುದು ಲೆಕ್ಕದಿಂದ. ಸೂರ್ಯ ಚಂದ್ರರ ಗತಿ ತಪ್ಪದು ಎಂಬುದೇ ಆ ಲೆಕ್ಕದ ಆಧಾರ. ದೇವರೂ ನಮ್ಮ ಸ್ವಭಾವ, ಸಂಸ್ಕಾರ, ಸಂದರ್ಭಗಳನ್ನೆಲ್ಲ ಲೆಕ್ಕಹಾಕಿ ನಾಳೆ ನಾವೇನು ಮಾಡುತ್ತೇವೆಂದು ತಿಳಿಯುವುದಾದರೆ, ನಾವೂ ಗ್ರಹಗಳಂತೆ ಕಟ್ಟುಬಿದ್ದವರೇ. ಆಗ ನಮ್ಮನ್ನು ಕಟ್ಟಿದ್ದು ದೇವರ ಅರಿವಲ್ಲ ನಿಜ, ಆದರೆ ಕಟ್ಟಂತೂ ಇದ್ದೇ ಇರುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ, ದೇವರಿಗೆ ತಿಳಿಯುವುದು ಅನುಮಾನದಿಂದಲೋ ಪ್ರತ್ಯಕ್ಷದಿಂದಲೋ ಎಂಬುದು. ಹೊಗೆ ಕಂಡು ಬೆಂಕಿಯನ್ನು ಊಹಿಸಲು ಹೊಗೆಗೂ ಬೆಂಕಿಗೂ ಬಿಡದ ನಂಟು ಬೇಕು. ಬೆಂಕಿಯನ್ನೇ ಕಣ್ಣಾರೆ ಕಾಣುವವನಿಗೆ ಆ ನಂಟಿನ ಹಂಗಿಲ್ಲ.

ಈ ಮಾತನ್ನು ಯುರೋಪಿನಲ್ಲಿ ಎಲ್ಲರಿಗಿಂತ ಆಳವಾಗಿ ಹಿಡಿದವನು ಬೊಯಿಥಿಯಸ್. ರೋಮಿನ ದೊಡ್ಡ ಮನೆತನದವನು, 510ರಲ್ಲಿ ಕಾನ್ಸಲ್ ಆಗಿದ್ದವನು, ಗಾಥ್ ದೊರೆ ಥಿಯೊಡೊರಿಕನ ಆಸ್ಥಾನದಲ್ಲಿ ಉನ್ನತ ಅಧಿಕಾರಿ. ರಾಜದ್ರೋಹದ ಆರೋಪ ಹೊತ್ತು ಪಾವಿಯಾದಲ್ಲಿ ಸೆರೆಯಾದ. ಮರಣದಂಡನೆಯನ್ನು ಎದುರುನೋಡುತ್ತ ಅಲ್ಲಿ ಬರೆದ ಪುಸ್ತಕವೇ ‘ತತ್ತ್ವಶಾಸ್ತ್ರದ ಸಾಂತ್ವನ’. ತತ್ತ್ವವಿದ್ಯೆ ಹೆಂಗಸಿನ ರೂಪದಲ್ಲಿ ಸೆರೆಮನೆಗೆ ಬಂದು ಅವನೊಡನೆ ಮಾತಾಡುತ್ತಾಳೆ. ಐದನೆಯ ಹಾಗೂ ಕೊನೆಯ ಭಾಗದಲ್ಲಿ ಮಾತು ಈ ಪ್ರಶ್ನೆಗೆ ಬರುತ್ತದೆ. ದೇವರಿಗೆ ನಾಳೆ ಎಂಬುದಿಲ್ಲ, ಎಲ್ಲ ಕಾಲವೂ ಅವನಿಗೆ ಒಮ್ಮೆಲೇ ಎದುರಿಗಿದೆ. ಹಾಗಾಗಿ ಅವನದು ಮುನ್ನರಿವಲ್ಲ, ನೋಟ. ನೀನು ಒಂದೇ ಗಳಿಗೆಯಲ್ಲಿ ಸೂರ್ಯ ಏಳುವುದನ್ನೂ ಒಬ್ಬ ಮನುಷ್ಯ ನಡೆದುಹೋಗುವುದನ್ನೂ ನೋಡುತ್ತೀ. ಎರಡೂ ಖಚಿತ. ಆದರೂ ಒಂದು ನಿಯಮಕ್ಕೆ ಕಟ್ಟುಬಿದ್ದದ್ದು, ಇನ್ನೊಂದು ಆ ಮನುಷ್ಯನ ಇಚ್ಛೆ. ನಿನ್ನ ನೋಟ ಅವನನ್ನು ನಡೆಸುತ್ತಿಲ್ಲ. ಸುಮಾರು 524ರಲ್ಲಿ ಬೊಯಿಥಿಯಸ್‌ನನ್ನು ಕೊಂದರು. ಸಾವಿನ ಎದುರಿಗೆ ಕುಳಿತವನು ಹಣೆಬರಹದ ಕಾಲಿಗೆ ಬೀಳದೆ, ಮನುಷ್ಯ ಸ್ವತಂತ್ರನೆಂದು ಸಾಧಿಸುತ್ತ ಕೊನೆಯ ಪುಟಗಳನ್ನು ಬರೆದನೆಂಬುದು ನನಗೆ ಆ ವಾದದಷ್ಟೇ ದೊಡ್ಡದಾಗಿ ಕಾಣುತ್ತದೆ.

ಶ್ರವಣಬೆಳಗೊಳದ ಶಾಸನಗಳು ಗೌರವದಿಂದ ನೆನೆಯುವ ಕುಂದಕುಂದಾಚಾರ್ಯರೂ ಪ್ರವಚನಸಾರದಲ್ಲಿ ಇದಕ್ಕೆ ತೀರ ಹತ್ತಿರದ ಮಾತು ಹೇಳಿದ್ದಾರೆ. ದ್ರವ್ಯಗಳ ಆಗಿಹೋದ ಮತ್ತು ಇನ್ನೂ ಆಗದ ಪರ್ಯಾಯಗಳೆಲ್ಲ, ಅಂದರೆ ಅವು ತಾಳುವ ಸ್ಥಿತಿಗಳೆಲ್ಲ, ಕೇವಲಜ್ಞಾನದಲ್ಲಿ ಈಗಿನವು ಎಂಬಂತೆಯೇ ಇರುತ್ತವೆ. ಜೈನರು ಕೇವಲಜ್ಞಾನವನ್ನು ಪ್ರತ್ಯಕ್ಷವೆಂದೇ ಎಣಿಸುತ್ತಾರೆ, ಅನುಮಾನವೆಂದಲ್ಲ.

ಪೈಕ್‌ನ ವಾದ ಇಷ್ಟಕ್ಕೆ ಪೂರ್ತಿ ಬೀಳುವುದಿಲ್ಲ. ಕಾಲದ ಆಚೆಗಿರುವ ಅರಿವೂ ನಮ್ಮ ಕೈಗೆ ಸಿಗದ್ದೇ, ಆಗಿಹೋದದ್ದರಷ್ಟೇ ಅದೂ ಸ್ಥಿರವಲ್ಲವೇ ಎಂದು ಕೇಳಬಹುದು. ಇದಕ್ಕೆ ಹದಿನಾಲ್ಕನೆಯ ಶತಮಾನದ ವಿಲಿಯಂ ಆಫ್ ಆಕಮ್ ತೋರಿಸಿದ ದಾರಿ ನನಗೆ ಒಪ್ಪಿಗೆ. ಕಳೆದ ಕಾಲದ ಬಗ್ಗೆ ನಾವಾಡುವ ಮಾತೆಲ್ಲ ನಿಜವಾಗಿ ಕಳೆದ ಕಾಲದ್ದಲ್ಲ. 1904ರ ಡಿಸೆಂಬರ್ 29ರಂದು ಒಂದು ಗಂಡುಮಗು ಹುಟ್ಟಿತು ಎಂಬುದು ಆ ದಿನವೇ ಮುಗಿದ ಸಂಗತಿ. ಅಂದು ‘ಶ್ರೀರಾಮಾಯಣದರ್ಶನಂ’ ಬರೆಯಲಿರುವ ಮಗು ಹುಟ್ಟಿತು ಎಂಬುದೂ 1904ರ ಬಗ್ಗೆ ನಿಜವಾದ ಮಾತೇ. ಆದರೆ ಅದನ್ನು ನಿಜ ಮಾಡಿದ್ದು ಕುವೆಂಪು ಮುಂದೆ ಕುಳಿತು ಬರೆದದ್ದು. ಅವರು ಬರೆಯದೆ ಬಿಟ್ಟಿದ್ದರೆ 1904ರ ಬಗೆಗಿನ ಆ ಮಾತೂ ಇರುತ್ತಿರಲಿಲ್ಲ, ಅದಕ್ಕಾಗಿ ಯಾರೂ ಹಿಂದಕ್ಕೆ ಹೋಗಿ ಏನನ್ನೂ ತಿದ್ದಬೇಕಾಗಿರಲಿಲ್ಲ. ದೇವರ ಅರಿವು ನೋಟವೇ ಆಗಿದ್ದರೆ, ಅದು ನೋಡಲ್ಪಡುವ ಕೆಲಸಕ್ಕೆ ಆತುಕೊಂಡಿರುತ್ತದೆ. ಜೋನ್ಸ್ ಸುಮ್ಮನಿದ್ದಿದ್ದರೆ ದೇವರು ಮೊದಲಿನಿಂದಲೂ ಅದನ್ನೇ ಬಲ್ಲವನಾಗಿರುತ್ತಿದ್ದ.

ಆದರೂ ಬರೀ ಅರಿವಿನಿಂದಲೇ ನಿಯತಿಯನ್ನು ಹೊರತೆಗೆಯುವ ಯತ್ನ ಇಪ್ಪತ್ತನೆಯ ಶತಮಾನದಲ್ಲೂ ನಡೆಯಿತು, ಅದೂ ಜೈನರ ನಡುವೆ. ಸೌರಾಷ್ಟ್ರದ ಸೋನಗಢದಲ್ಲಿ ನೆಲೆಸಿದ್ದ ಕಾನಜಿ ಸ್ವಾಮಿಯವರು (1890–1980) ಕ್ರಮಬದ್ಧಪರ್ಯಾಯ ಎಂಬ ತತ್ತ್ವವನ್ನು ಬೋಧಿಸಿದರು. ಸರ್ವಜ್ಞನು ಪ್ರತಿ ದ್ರವ್ಯದ ಪ್ರತಿ ಪರ್ಯಾಯವನ್ನೂ ಕ್ರಮವಾಗಿ ಬಲ್ಲ, ಆದ್ದರಿಂದ ಪ್ರತಿಯೊಂದೂ ಆ ಕ್ರಮದಲ್ಲೇ ಹುಟ್ಟಬೇಕು. ಇದು ಗೋಸಾಲನ ನಿಯತಿಯೇ ಹಿಂಬಾಗಿಲಿನಿಂದ ಬಂದಂತೆ ಎಂದು ವಿರೋಧಿಗಳು ಸಿಡಿದರು. ಪುರುಷಾರ್ಥವೂ ಆ ಕ್ರಮದ ಒಳಗೇ ಇದೆ, ಇದನ್ನು ನಂಬಿದವನ ‘ನಾನು ಮಾಡಿದೆ’ ಎಂಬ ಅಹಂಕಾರ ಕರಗಿ ದೃಷ್ಟಿ ಒಳಮುಖವಾಗುತ್ತದೆ ಎಂದು ಅನುಯಾಯಿಗಳು ಉತ್ತರ ಕೊಟ್ಟರು. ಆ ಸಾಧನೆಯ ಬೆಲೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕ್ರಮ ತಿಳಿದಿದೆ ಎಂಬುದರಿಂದ ಆ ಕ್ರಮವನ್ನು ಕಟ್ಟಿದವರು ಯಾರು ಎಂಬುದು ತೀರ್ಮಾನವಾಗುವುದಿಲ್ಲ. ಕಾಲ, ಸ್ವಭಾವ, ನಿಯತಿ, ಪೂರ್ವಕರ್ಮ, ಪುರುಷಕಾರ ಐದೂ ಕೂಡಿ ಕಾರಣ, ಯಾವುದಾದರೂ ಒಂದನ್ನೇ ಹಿಡಿದರೆ ಮಿಥ್ಯಾತ್ವ ಎಂಬ ಜೈನ ತಾರ್ಕಿಕ ಸಿದ್ಧಸೇನರ ಮಾತು ಹೆಚ್ಚು ವಿವೇಕದ್ದು.

ಇನ್ನು ಮಾಡಿಸುವವನ ಪ್ರಶ್ನೆ. ವೇದಾಂತಿಗಳು ಇದನ್ನು ತಪ್ಪಿಸಿಕೊಂಡು ಓಡಲಿಲ್ಲ. ಜೀವನ ಕರ್ತೃತ್ವವೇ ಪರಮಾತ್ಮನಿಂದ ಬಂದದ್ದು ಎಂದು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯ ಒಪ್ಪಿಕೊಳ್ಳುತ್ತದೆ. ಮರುಸೂತ್ರದಲ್ಲೇ, ಜೀವ ಮಾಡಿದ ಪ್ರಯತ್ನವನ್ನು ನೋಡಿಕೊಂಡು ಈಶ್ವರ ಮಾಡಿಸುತ್ತಾನೆ, ಇಲ್ಲದಿದ್ದರೆ ವಿಧಿನಿಷೇಧಗಳಿಗೆ ಅರ್ಥವಿಲ್ಲ ಎಂದು ಸೇರಿಸುತ್ತದೆ. ಮಡಕೆ ಒಡೆದವನನ್ನು ದಂಡಿಸುವುದು ಹೇಗೆ ಎಂಬ ಮಹಾವೀರರ ಪ್ರಶ್ನೆಯೇ ಇಲ್ಲೂ ಕೆಲಸ ಮಾಡಿದೆ. ಇದಕ್ಕೆ ರಾಮಾನುಜರು ಕೊಡುವ ದೃಷ್ಟಾಂತ ಆಸ್ತಿ ವ್ಯವಹಾರದ್ದು. ಇಬ್ಬರಿಗೂ ಸೇರಿದ ಜಂಟಿ ಸ್ವತ್ತನ್ನು ಒಬ್ಬ ಮೂರನೆಯವನಿಗೆ ಕೊಡಬೇಕಾದರೆ ಇನ್ನೊಬ್ಬನ ಒಪ್ಪಿಗೆ ಬೇಕೇ ಬೇಕು. ಆದರೂ ಕೊಟ್ಟವನು ಮೊದಲನೆಯವನೇ, ಫಲವೂ ಅವನದೇ. ಈಶ್ವರನ ಅನುಮತಿಯಿಲ್ಲದೆ ಕೈ ಎತ್ತಲಾಗದು, ಎತ್ತಬೇಕೆಂಬ ಮೊದಲ ಯತ್ನ ಮಾತ್ರ ಜೀವನದು. ಕರ್ತೃತ್ವವನ್ನು ಹೀಗೆ ಹಂಚಿಕೊಟ್ಟದ್ದು ನನಗೆ ತುಂಬ ಹಿಡಿಸುತ್ತದೆ.

ಮಧ್ವರು ಇಷ್ಟು ಸಡಿಲ ಬಿಡುವುದಿಲ್ಲ. ಹರಿ ಒಬ್ಬನೇ ಸ್ವತಂತ್ರ, ಉಳಿದದ್ದೆಲ್ಲ ಪರತಂತ್ರ. ಜೀವನ ಕರ್ತೃತ್ವವೂ ಅವನು ಕೊಟ್ಟದ್ದು, ದತ್ತಸ್ವಾತಂತ್ರ್ಯ. ಹರಿಯಾದರೋ ಪ್ರತಿ ಜೀವನ ಅನಾದಿ ಯೋಗ್ಯತೆಗೆ ತಕ್ಕಂತೆಯೇ ನಡೆಸುತ್ತಾನೆ. ಇದರಿಂದ ದೇವರ ಮೇಲೆ ಪಕ್ಷಪಾತದ ಆರೋಪ ಬರುವುದಿಲ್ಲ. ಆದರೆ ಆ ಯೋಗ್ಯತೆಯನ್ನು ಜೀವ ಆರಿಸಿಕೊಂಡದ್ದಲ್ಲವಲ್ಲ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಗೀತೆಯನ್ನು ಈ ಕಣ್ಣಿನಿಂದ ಓದಿದವರಿಗೆ ಒಂದು ಸೂಕ್ಷ್ಮ ಕಾಣುತ್ತದೆ. ಹನ್ನೊಂದನೆಯ ಅಧ್ಯಾಯದಲ್ಲಿ ಭೀಷ್ಮ ದ್ರೋಣರು ಆಗಲೇ ಹತರಾದವರು, ನೀನು ನಿಮಿತ್ತ ಮಾತ್ರ ಎನ್ನುತ್ತಾನೆ ಕೃಷ್ಣ. ಅದಕ್ಕೂ ಮೊದಲು, ನೀನಿಲ್ಲದಿದ್ದರೂ ಇವರು ಉಳಿಯುವುದಿಲ್ಲ ಎಂದಿರುತ್ತಾನೆ. ಅಂದರೆ ಅವನು ತೋರಿಸಿದ್ದು ಅವರ ಸಾವನ್ನು, ಅರ್ಜುನನ ಆಯ್ಕೆಯನ್ನಲ್ಲ. ಹದಿನೆಂಟರಲ್ಲಿ ನಿನ್ನ ಪ್ರಕೃತಿಯೇ ನಿನ್ನನ್ನು ಯುದ್ಧಕ್ಕೆ ಹಚ್ಚುತ್ತದೆ ಎಂದು ಎಚ್ಚರಿಸುತ್ತಾನೆ. ಅದಾದಮೇಲೂ, ಎಲ್ಲವನ್ನೂ ವಿಮರ್ಶಿಸಿ ಇಷ್ಟಬಂದಂತೆ ಮಾಡು ಎಂದು ನಿರ್ಧಾರವನ್ನು ಅವನಿಗೇ ಬಿಡುತ್ತಾನೆ.

ಬಲ್ಲವನನ್ನೂ ಮಾಡಿದವನನ್ನೂ ಒಂದೇ ಹೆಜ್ಜೆಯಲ್ಲಿ ಹೊಂದಿಸಲು ಹೊರಟವನು ಸ್ಪೇನಿನ ಜೆಸ್ಯೂಟ್ ಲೂಯಿಸ್ ಡಿ ಮೊಲಿನಾ. ಅವನ ಗ್ರಂಥ 1588ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಯಿತು. ಸೃಷ್ಟಿಗೆ ಮೊದಲೇ, ಯಾವ ಮನುಷ್ಯ ಯಾವ ಸನ್ನಿವೇಶದಲ್ಲಿ ತನ್ನ ಸ್ವಂತ ಇಚ್ಛೆಯಿಂದ ಏನು ಮಾಡುತ್ತಾನೆಂದು ದೇವರಿಗೆ ಗೊತ್ತು. ಆ ತಿಳಿವಳಿಕೆ ಇಟ್ಟುಕೊಂಡು ಯಾವ ಜಗತ್ತನ್ನು ಸೃಷ್ಟಿಸಬೇಕೆಂದು ಆರಿಸಿದ. ಹೀಗೆ ಆಯ್ಕೆ ಮನುಷ್ಯನದೇ, ಆಳ್ವಿಕೆ ದೇವರದೇ. ಡೊಮಿನಿಕನ್ ಪಂಥದ ಡೊಮಿಂಗೊ ಬಾನ್ಯೆಸ್ ಇದನ್ನು ಕಟುವಾಗಿ ವಿರೋಧಿಸಿದ. ದೇವರ ಕೃಪೆ ಮನುಷ್ಯನ ಮರ್ಜಿ ಕಾಯುವಂತಾಯಿತು ಎಂಬುದು ಅವನ ಕಡೆಯವರ ಆಕ್ಷೇಪ. ಜಗಳ ರೋಮಿಗೆ ಹೋಯಿತು. ವಿಚಾರಣಾ ಮಂಡಳಿ ಸುಮಾರು ಹತ್ತು ವರ್ಷ ಕೂತು ವಾದ ಕೇಳಿತು. 1607ರಲ್ಲಿ ಪೋಪ್ ಐದನೆಯ ಪಾಲ್, ಎರಡೂ ಪಕ್ಷದವರು ತಮ್ಮ ಮತವನ್ನು ಬೋಧಿಸಬಹುದು, ಒಬ್ಬರನ್ನೊಬ್ಬರು ಧರ್ಮಭ್ರಷ್ಟರೆಂದು ಹಳಿಯಕೂಡದು, ತೀರ್ಪನ್ನು ತಕ್ಕ ಕಾಲದಲ್ಲಿ ಪ್ರಕಟಿಸಲಾಗುವುದು ಎಂದು ಹೇಳಿ ಸಭೆ ಮುಗಿಸಿದ. ಆ ತೀರ್ಪು ಈವರೆಗೂ ಪ್ರಕಟವಾಗಿಲ್ಲ.