ಬಿದಿರು ಹಾಳೆಯಾಗುವ ಊರಿನಿಂದ

ಸುತ್ತಲ ಕಾಡಿನ ಬಿದಿರು ಮತ್ತು ಕಾಳಿ ನದಿಯ ನೀರನ್ನು ನೆಚ್ಚಿಕೊಂಡು ದಾಂಡೇಲಿಯಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ 1955ರಲ್ಲಿ ಸ್ಥಾಪನೆಯಾಯಿತು. ಮನೆಗೆ ಕಂಬವಾಗಬಲ್ಲ ಗಟ್ಟಿ ಬಿದಿರು ಮಡಚುವ ಹಾಳೆಯಾಗುವುದು ಹೇಗೆ? ಬಿದಿರಿನ ಸೆಲ್ಯುಲೋಸ್ ನಾರುಗಳನ್ನು ಲಿಗ್ನಿನ್ ಎಂಬ ಅಂಟು ಬಿಗಿಯಾಗಿ ಹಿಡಿದಿರುತ್ತದೆ. ಕ್ರಾಫ್ಟ್ ವಿಧಾನದಲ್ಲಿ ಬಿದಿರಿನ ಚೂರುಗಳನ್ನು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್ ದ್ರಾವಣದಲ್ಲಿ, ಸುಮಾರು 170 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಒತ್ತಡ ಹಾಕಿ ಬೇಯಿಸುತ್ತಾರೆ. ಲಿಗ್ನಿನ್ ಕರಗಿ ನಾರು ಬಿಡಿಯಾಗುತ್ತದೆ. ಅದನ್ನು ನೀರಿನಲ್ಲಿ ಕದಡಿ, ಜಾಲರಿಯ ಮೇಲೆ ಹರಡಿ, ಹಿಂಡಿ ಒಣಗಿಸಿದಾಗ ಹೈಡ್ರೋಜನ್ ಬಂಧಗಳಿಂದಲೇ ನಾರುಗಳು ಪರಸ್ಪರ ಹಿಡಿದುಕೊಳ್ಳುತ್ತವೆ.

ಒಳರಚನೆ ಬದಲಾದರೆ ಗುಣ ಬದಲಾಗುತ್ತದೆ. ವಸ್ತು ವಿಜ್ಞಾನದ ತಿರುಳು ಇದೇ. ದಾಂಡೇಲಿಯಲ್ಲಿ ಹಿಂದೆ ತಯಾರಾಗುತ್ತಿದ್ದ ಫೆರೋ ಮ್ಯಾಂಗನೀಸ್‌ನ ಕೆಲಸವೂ ಹೀಗೆಯೇ: ಉಕ್ಕಿನಲ್ಲಿ ಉಳಿದ ಗಂಧಕವನ್ನು ಮ್ಯಾಂಗನೀಸ್ ತನ್ನತ್ತ ಸೆಳೆದುಕೊಳ್ಳುವುದರಿಂದ, ಕಾಯಿಸಿ ಬಡಿಯುವಾಗ ಉಕ್ಕು ಬಿರಿಯುವುದಿಲ್ಲ. ಜೋಯಿಡಾದ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನಂಥ ಕಾಂಕ್ರೀಟ್ ರಾಶಿಯಲ್ಲಿ ಸಿಮೆಂಟ್ ಗಟ್ಟಿಯಾಗುವಾಗ ಹುಟ್ಟುವ ಶಾಖವನ್ನು ಹದದಲ್ಲಿಡದಿದ್ದರೆ ಬಿರುಕು ಬೀಳುತ್ತದೆ.

ಹಳಿಯಾಳ, ಮುಂಡಗೋಡದ ಪಿಯುಸಿ ಮಕ್ಕಳಿಗೆ ಎಂಜಿನಿಯರಿಂಗ್ ಎಂದರೆ ಕಂಪ್ಯೂಟರ್ ಒಂದೇ ಎಂಬಂತೆ ಹೇಳುವುದು ನನಗೆ ಬೇಸರ ತರಿಸುತ್ತದೆ. ಭೌತ, ರಸಾಯನ, ಗಣಿತ ಓದಿದವರು ಜೆಇಇ ಮೇನ್ ಬರೆದು ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಲೋಹ ಮತ್ತು ವಸ್ತು ಎಂಜಿನಿಯರಿಂಗ್ ಸೇರಬಹುದು. ಹಳಿಯಾಳದ ಕೆಎಲ್‌ಎಸ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಮುಗಿಸಿದವರಿಗೂ ದಾರಿ ಮುಚ್ಚಿಲ್ಲ. ಗೇಟ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಟೆಕ್‌ಗೆ ಪ್ರಯತ್ನಿಸಬಹುದು, ಅಲ್ಲಿ 1945ರಲ್ಲಿ ಲೋಹಶಾಸ್ತ್ರ ವಿಭಾಗವಾಗಿ ಶುರುವಾದದ್ದೇ ಇಂದಿನ ಮೆಟೀರಿಯಲ್ಸ್ ಎಂಜಿನಿಯರಿಂಗ್ ವಿಭಾಗ. ಮುಂದೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಎಚ್‌ಎಎಲ್, ಇಸ್ರೋದಂಥ ಕಡೆ ಇವರಿಗೆ ಕೆಲಸವಿದೆ. ಆದರೆ ಹೆಚ್ಚಿನ ಸಂಶೋಧನಾ ಹುದ್ದೆಗಳಿಗೆ ಪಿಎಚ್‌ಡಿ ಬೇಕು, ಅದಕ್ಕೆ ವರ್ಷಗಳ ತಾಳ್ಮೆ ಬೇಕು. ಇದನ್ನು ಮನೆಯವರಿಗೆ ಮೊದಲೇ ತಿಳಿಸಬೇಕು.

ಸಂಶೋಧನೆಗೆ ವಿಷಯ ಹುಡುಕುತ್ತ ದೂರ ಹೋಗಬೇಕಿಲ್ಲ. ನೀರು ತಾಗಿದರೆ ಕಾಗದದ ಹೈಡ್ರೋಜನ್ ಬಂಧ ಸಡಿಲವಾಗುತ್ತದೆ. ಅದಕ್ಕೇ ಚಹಾದ ಪೇಪರ್ ಕಪ್ಪಿನ ಒಳಗೆ ಪಾಲಿಥೀನ್ ಪದರ ಬಳಿಯುತ್ತಾರೆ. ಆ ಪದರದಿಂದಾಗಿ ಕಪ್ಪನ್ನು ಮರುಬಳಕೆ ಮಾಡುವುದು ಕಷ್ಟ. ಬಿಸಿ ಚಹಾ ತಡೆಯಬೇಕು, ಮಣ್ಣಿನಲ್ಲಿ ಕೊಳೆಯಬೇಕು, ಅಗ್ಗವೂ ಆಗಬೇಕು: ಅಂಥ ಲೇಪಕ್ಕಾಗಿ ಸಂಶೋಧಕರು ಇನ್ನೂ ಹುಡುಕುತ್ತಿದ್ದಾರೆ.