ಅಂಗೈಯ ಪರದೆಯಲ್ಲಿ ತಿರುಗುವ ಅಂಕಿಗಳು

ಮೊಬೈಲ್ ಫೋನಿನ ಆಟದಲ್ಲಿ ಕಾರು ತಿರುವು ಪಡೆಯುತ್ತದೆ. ನಕಾಶೆಯನ್ನು ಎರಡು ಬೆರಳಿನಿಂದ ತಿರುಗಿಸಿದರೆ ಊರಿಗೆ ಊರೇ ತಿರುಗುತ್ತದೆ. ಆದರೆ ಪರದೆಯ ಹಿಂದೆ ತಿರುಗುವಂಥದ್ದು ಏನೂ ಇಲ್ಲ. ಇರುವುದು ಬರಿಯ ಲೆಕ್ಕಾಚಾರ. ಚಿತ್ರದ ಪ್ರತಿ ಬಿಂದುವಿನ ಸ್ಥಾನವನ್ನೂ ಅಂಕಿಗಳ ಒಂದು ಚೌಕದಿಂದ ಗುಣಿಸಿದರೆ ಹೊಸ ಸ್ಥಾನ ದೊರೆಯುತ್ತದೆ. ಈ ಚೌಕವೇ ಮಾತೃಕೆ, ಅಂದರೆ ಮ್ಯಾಟ್ರಿಕ್ಸ್.

ಇದಕ್ಕೆ 1850ರಲ್ಲಿ ಹೆಸರಿಟ್ಟವನು ಇಂಗ್ಲೆಂಡಿನ ಜೇಮ್ಸ್ ಜೋಸೆಫ್ ಸಿಲ್ವೆಸ್ಟರ್. ಅದರ ಬೀಜಗಣಿತವನ್ನು ಗೆಳೆಯ ಆರ್ಥರ್ ಕೇಲಿ 1858ರಲ್ಲಿ ಪ್ರಕಟಿಸಿದ. ತಿರುಗಿಸುವ ಮಾತೃಕೆಯಲ್ಲಿ ತುಂಬಿರುವುದು ಸೈನ್ ಮತ್ತು ಕೊಸೈನ್ ಬೆಲೆಗಳು. ಆರ್ಯಭಟ ಕೋಷ್ಟಕ ಕಟ್ಟಿಕೊಟ್ಟ 'ಜ್ಯಾ' ಎಂಬುದೇ ಅರಬ್ಬೀ, ಲ್ಯಾಟಿನ್ ಭಾಷೆಗಳನ್ನು ಹಾದು 'ಸೈನ್' ಆಯಿತೆಂಬುದು ಸ್ವಾರಸ್ಯಕರ.

ಮೂರು ಆಯಾಮಗಳ ತಿರುಗುವಿಕೆಗೆ ಮೂರು ಸಾಲು, ಮೂರು ಕಂಬ ಸಾಕು. ಸರಿಸುವ ಕೆಲಸವನ್ನೂ ಅದೇ ಗುಣಾಕಾರದಲ್ಲಿ ಸೇರಿಸಬೇಕಾದರೆ ನಾಲ್ಕನೆಯದು ಬೇಕು. ಆದ್ದರಿಂದಲೇ ಫೋನಿನ ಮಾತೃಕೆಯಲ್ಲಿ 16 ಅಂಕಿಗಳು.

ಇಲ್ಲೊಂದು ಸೂಕ್ಷ್ಮವಿದೆ. ಎರಡು ಮೂರಲಿ ಆರಾದರೆ ಮೂರು ಎರಡಲಿಯೂ ಆರೇ. ಮಾತೃಕೆಗಳಿಗೆ ಈ ನ್ಯಾಯ ಸಲ್ಲದು. ಕೇಂದ್ರದಲ್ಲಿರುವ ಬಿಂದುವನ್ನು ಮೊದಲು 90 ಡಿಗ್ರಿ ತಿರುಗಿಸಿ, ನಂತರ ನಾಲ್ಕು ಹೆಜ್ಜೆ ಬಲಕ್ಕೆ ಸರಿಸಿದರೆ ಅದು ಬಲಗಡೆಯೇ ಇರುತ್ತದೆ. ಮೊದಲು ಸರಿಸಿ ಆಮೇಲೆ ಎಡಸುತ್ತಿನಲ್ಲಿ ತಿರುಗಿಸಿದರೆ ನಾಲ್ಕು ಹೆಜ್ಜೆ ಮೇಲಕ್ಕೆ ಹೋಗಿ ನಿಲ್ಲುತ್ತದೆ. ಸಾಲದ್ದಕ್ಕೆ, ಓಪನ್‌ಜಿಎಲ್ ಪದ್ಧತಿಯಲ್ಲಿ ಕೊನೆಗೆ ಬರೆದ ಆದೇಶವೇ ಬಿಂದುವಿಗೆ ಮೊದಲು ತಗಲುತ್ತದೆ. ತನ್ನ ಅಕ್ಷದಲ್ಲಿ ಸುತ್ತಬೇಕಾದ ಗೋಳ ಪರದೆಯನ್ನೇ ಪ್ರದಕ್ಷಿಣೆ ಹಾಕುವುದು ಇಂಥ ಅದಲುಬದಲಿನಿಂದ.

2003ರಲ್ಲಿ ಫೋನುಗಳಿಗಾಗಿ ಓಪನ್‌ಜಿಎಲ್ ಇಎಸ್ ಬಂದಾಗ ಅಂದಿನ ಅನೇಕ ಫೋನುಗಳಲ್ಲಿ ದಶಮಾಂಶ ಲೆಕ್ಕಕ್ಕೆ ಪ್ರತ್ಯೇಕ ಯಂತ್ರಾಂಗವಿರಲಿಲ್ಲ. 16 ಬಿಟ್ ಪೂರ್ಣಾಂಕಕ್ಕೆ, 16 ಬಿಟ್ ಭಿನ್ನಾಂಶಕ್ಕೆ ಹಂಚಿ ನಿಭಾಯಿಸಬೇಕಿತ್ತು. ಇಂದಿನ ಫೋನುಗಳು ಬಲಶಾಲಿಯಾಗಿವೆ. ಆದರೂ ಬೆಲೆಗಳನ್ನು ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಹಳೆಯ ಮಾತೃಕೆಯನ್ನೇ ಮತ್ತೆ ಮತ್ತೆ ಒಂದೊಂದು ಡಿಗ್ರಿ ತಿರುಗಿಸುತ್ತ ಹೋದರೆ ಈ ಕಿರುದೋಷಗಳು ಹನಿಗೂಡಿ ಹಳ್ಳವಾಗಿ, ಚೌಕದ ಪೆಟ್ಟಿಗೆ ಸೊಟ್ಟಗಾಗುತ್ತದೆ. ಇದಕ್ಕೆ ಪರಿಹಾರ ಸರಳ: ಕೋನವನ್ನಷ್ಟೇ ನೆನಪಿಟ್ಟು, ಪ್ರತಿ ಚಿತ್ರಕ್ಕೂ ಮಾತೃಕೆಯನ್ನು ಹೊಸದಾಗಿ ಕಟ್ಟುವುದು.

ಇನ್ನೊಂದು ದಾರಿಯೂ ಉಂಟು. 1843ರ ಅಕ್ಟೋಬರ್ 16ರಂದು ಡಬ್ಲಿನ್‌ನ ಕಾಲುವೆಯ ದಂಡೆಯಲ್ಲಿ ನಡೆಯುತ್ತಿದ್ದ ವಿಲಿಯಂ ರೋವನ್ ಹ್ಯಾಮಿಲ್ಟನ್‌ಗೆ ಕ್ವಾಟರ್ನಿಯನ್ ಸೂತ್ರ ಹೊಳೆಯಿತು. ಆತ ಅದನ್ನು ಅಲ್ಲೇ ಸೇತುವೆಯ ಕಲ್ಲಿನಲ್ಲಿ ಕೆತ್ತಿದ. ಕೇವಲ ನಾಲ್ಕು ಅಂಕಿಗಳಲ್ಲಿ ತಿರುಗುವಿಕೆಯನ್ನು ಹಿಡಿದಿಡುವ ಆ ಸೂತ್ರ ಇಂದು ಮೊಬೈಲ್ ಆಟಗಳ ಒಳಗೂ ದುಡಿಯುತ್ತಿದೆ.