ಮನೆಯೊಳಗೆ ಅಂತರಜಾಲದ ತಂತಿಯನ್ನು ಎಳೆಯಿಸುವ ಕ್ರಮ

ಹೊಸ ಮನೆಯನ್ನು ಕಟ್ಟಿಸುವವರು ನೀರಿನ ಕೊಳವೆ ಯಾವ ಗೋಡೆಯಲ್ಲಿ ಹೋಗಬೇಕು, ದೀಪದ ತಂತಿ ಎಲ್ಲೆಲ್ಲಿಗೆ ಬರಬೇಕು, ಬಚ್ಚಲ ನೀರು ಯಾವ ಕಡೆಗೆ ಹರಿಯಬೇಕು ಎಂಬುದನ್ನು ಅಸ್ತಿಭಾರ ಹಾಕುವ ಮೊದಲೇ ಯೋಚಿಸುತ್ತಾರೆ. ಅಂತರಜಾಲದ ವಿಷಯವನ್ನಾದರೋ ಗೃಹಪ್ರವೇಶವಾಗಿ, ಗೋಡೆಗೆ ಬಣ್ಣ ಬಳಿದು, ಸಾಮಾನುಗಳೆಲ್ಲ ತಮ್ಮ ತಮ್ಮ ಸ್ಥಳಗಳಲ್ಲಿ ಕುಳಿತ ತರುವಾಯವೇ ನೆನೆಯುವುದು. ಆಗ ಸಂಪರ್ಕ ಕೊಡುವವರ ಆಳು ಬಂದು, ಬಾಗಿಲ ಪಕ್ಕದಲ್ಲಿ ತನಗೆ ಸುಲಭವಾದ ಕಡೆ ಒಂದು ತೂತು ಕೊರೆದು, ಚಾವಡಿಯಲ್ಲಿ ಟೆಲಿವಿಷನ್ನಿನ ಮೇಲುಗಡೆ ರೂಟರನ್ನು ತೂಗಹಾಕಿ ಹೊರಟುಹೋಗುತ್ತಾನೆ. ಆ ಮನೆಯಲ್ಲಿ ಓದುವ ಹುಡುಗಿಯ ಮೇಜು ಅಡಿಗೆಮನೆಯ ಆಚೆಗಿನ ಕೋಣೆಯಲ್ಲಿದ್ದರೆ ಅದು ಅವನ ಚಿಂತೆಯಲ್ಲ.

ಹೆಣ್ಣು ಮಕ್ಕಳ ಶಾಲೆಯ ಸ್ಮರಣಸಂಚಿಕೆಯಲ್ಲಿ ತಂತಿ ಕೊಳವೆಗಳ ಮಾತೇಕೆಂದು ಕೆಲವರು ಕೇಳಬಹುದು. ೨೦೨೦ನೆಯ ಇಸವಿ ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿ, ಪಾಠಗಳು ಮನೆಯಿಂದಲೇ ನಡೆಯಬೇಕಾಗಿ ಬಂದಾಗ ನಾವು ಕಂಡುದೇ ಇದಕ್ಕೆ ಕಾರಣ. ಅಂತರಜಾಲವೇ ಇಲ್ಲದ ಮನೆಗಳ ಕಷ್ಟ ಬೇರೆ. ಅದು ಈ ಲೇಖನದಿಂದ ತೀರತಕ್ಕದ್ದಲ್ಲ. ಆದರೆ ಸಂಪರ್ಕವಿದ್ದ ಮನೆಗಳ ಮಕ್ಕಳೂ ಪಾಠದ ನಡುವೆ ಕಾಣದಾಗುತ್ತಿದ್ದರು. ಪ್ರಶ್ನೆಯನ್ನು ಕೇಳಿದರೆ ಉತ್ತರ ಅರ್ಧಕ್ಕೆ ಬಂದು ಸ್ವರ ನಿಂತುಹೋಗುವುದು. "ಜಗಲಿಗೆ ಬಂದರೆ ಕೇಳುತ್ತದೆ ಟೀಚರ್, ಒಳಗೆ ಹೋದರೆ ಇಲ್ಲ" ಎಂಬ ಮಾತನ್ನು ಆ ವರ್ಷ ನಮ್ಮ ಉಪಾಧ್ಯಾಯಿನಿಯರು ಎಷ್ಟು ಸಲ ಕೇಳಿದರೋ ಲೆಕ್ಕವಿಲ್ಲ. ಮಳೆ ಹೊಡೆಯುವ ಜಗಲಿಯಲ್ಲಿ ಕುಳಿತು ಬೀಜಗಣಿತವನ್ನು ಕಲಿಯುವುದು ಯಾರಿಗೂ ಸಾಧ್ಯವಲ್ಲ. ಆ ಕಾಲ ಕಳೆದು ಶಾಲೆಗಳು ತೆರೆದುವು. ಆದರೆ ಅವಶ್ಯಕತೆ ಕಳೆಯಲಿಲ್ಲ. ವಿದ್ಯಾರ್ಥಿವೇತನದ ಅರ್ಜಿ, ಸಿ.ಇ.ಟಿ. ಆದ ಮೇಲೆ ಕಾಲೇಜುಗಳ ಆಯ್ಕೆಯನ್ನು ನಮೂದಿಸುವುದು, ಕೆಲಸದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಮಗುವನ್ನು ಮನೆಯಲ್ಲಿಟ್ಟುಕೊಂಡು ಆಫೀಸಿನ ಸಭೆಗೆ ಕೂಡುವುದು, ಇವೆಲ್ಲ ಈಗ ಮನೆಯೊಳಗಿಂದಲೇ ಆಗತಕ್ಕ ಕೆಲಸಗಳು.

ಒಳಗೆ ಹೋದರೆ ಕೇಳದಿರುವುದಕ್ಕೆ ಕಾರಣ ನಮ್ಮ ಗೋಡೆಗಳೇ. ಕರಾವಳಿಯ ಹಳೆಯ ಮನೆಗಳು ಮುರಕಲ್ಲಿನವು. ನೆಲದಿಂದ ಕಡಿದು ತೆಗೆಯುವಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಈ ಕಲ್ಲಿಗೆ ಫ್ರಾನ್ಸಿಸ್ ಬುಕನನ್ ಎಂಬವನು ೧೮೦೭ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಹೆಸರನ್ನು ಕೊಟ್ಟನು. 'ಲ್ಯಾಟರೈಟ್' ಎಂಬುದು ಅದೇ. ಇದರ ಮೈತುಂಬ ರಂಧ್ರಗಳು, ಒಳಗೆ ಕಬ್ಬಿಣದ ಅಂಶ. ಸೆಕೆಗಾಲದಲ್ಲಿ ಮನೆಯನ್ನು ತಂಪಾಗಿಡುವ ಆ ದಪ್ಪ ಗೋಡೆಯೇ ವೈಫೈಯ ಅಲೆಗಳನ್ನು ನುಂಗಿಬಿಡುತ್ತದೆ. ಮಳೆಗಾಲದಲ್ಲಿ ತೇವ ಹಿಡಿದ ಮೇಲೆ ಕೇಳಬೇಕಾದುದೇ ಇಲ್ಲ. ವೈಫೈ ಸಾಧಾರಣವಾಗಿ ೨.೪ ಮತ್ತು ೫ ಗಿಗಾಹರ್ಟ್ಸ್ ಎಂಬ ಎರಡು ತೆರದ ಅಲೆಗಳಲ್ಲಿ ನಡೆಯುತ್ತದೆ. ಎರಡನೆಯದು ವೇಗವುಳ್ಳದ್ದು, ಆದರೆ ಗೋಡೆಯ ಮುಂದೆ ಬೇಗ ಸೋಲುವಂಥದು. ಹೊಸ ತಾರಸಿ ಮನೆಗಳವರೂ ನಗುವಂತಿಲ್ಲ. ಕಬ್ಬಿಣದ ಸರಳು ಹೆಣೆದ ಕಾಂಕ್ರೀಟನ್ನು ದಾಟಿ ಮಾಳಿಗೆಗೆ ಹೋಗುವುದೂ ಅಲೆಗೆ ಕಷ್ಟವೇ. ಇಂಥ ಸಮಯದಲ್ಲಿ ಅನೇಕ ಪೋಷಕರು ತಿಂಗಳಿಗೆ ಹೆಚ್ಚು ಹಣವನ್ನು ತೆತ್ತು ಇನ್ನೂ ವೇಗದ ಸಂಪರ್ಕವನ್ನು ತೆಗೆದುಕೊಳ್ಳುತ್ತಾರೆ. ಕೊಳವೆ ಕಟ್ಟಿಕೊಂಡಿರುವಾಗ ಬಾವಿಗೆ ಇನ್ನೊಂದು ಪಂಪನ್ನು ಇಳಿಸಿದರೆ ಬಚ್ಚಲಿಗೆ ನೀರು ಬಂದೀತೆ?

ಗೋಡೆಯನ್ನು ಸೋಲಿಸುವ ಉಪಾಯವು ಅಲೆಯನ್ನು ಬಿಟ್ಟು ತಂತಿಯನ್ನು ಹಿಡಿಯುವುದೇ. ಈ ವಿದ್ಯೆ ಹೊಸದಲ್ಲ. ಅಮೆರಿಕದ ಪಾಲೋ ಆಲ್ಟೋ ಎಂಬಲ್ಲಿ ಜೆರಾಕ್ಸ್ ಕಂಪೆನಿಯ ಸಂಶೋಧನಾಲಯದಲ್ಲಿದ್ದ ರಾಬರ್ಟ್ ಮೆಟ್ಕಾಫ್ ೧೯೭೩ನೆಯ ಇಸವಿ ಮೇ ತಿಂಗಳ ೨೨ನೆಯ ತಾರೀಖಿನಲ್ಲಿ ಬರೆದ ಒಂದು ಟಿಪ್ಪಣಿಯಲ್ಲಿ ಇದರ ಕಲ್ಪನೆಯನ್ನು ವಿವರಿಸಿ, 'ಈಥರ್‌ನೆಟ್' ಎಂದು ಹೆಸರಿಟ್ಟರು. ಡೇವಿಡ್ ಬಾಗ್ಸ್ ಎಂಬವರೊಡನೆ ಕೂಡಿ ಅದನ್ನು ನಿರ್ಮಿಸಿದರು. ಬೆಳಕು ಸಂಚರಿಸುವುದಕ್ಕೆ ಈಥರ್ ಎಂಬ ಸರ್ವವ್ಯಾಪಿಯಾದ ಪದಾರ್ಥ ಬೇಕೆಂದು ಹಿಂದಿನ ಭೌತವಿಜ್ಞಾನಿಗಳು ಊಹಿಸಿದ್ದರಷ್ಟೆ. ಹೆಸರು ಅಲ್ಲಿಂದ ಬಂದುದು. ಮೊದಲು ದಪ್ಪವಾದ ಒಂದೇ ತಂತಿಗೆ ಎಲ್ಲ ಯಂತ್ರಗಳನ್ನೂ ಜೋಡಿಸುತ್ತಿದ್ದರು. ಟೆಲಿಫೋನಿನ ತಂತಿಯಂತೆ ಹೊಸೆದ ಜೋಡಿತಂತಿಗಳಲ್ಲಿ ಇದನ್ನು ನಡೆಯಿಸುವ ಕ್ರಮವು ೧೯೯೦ರಲ್ಲಿ ಶಿಷ್ಟ ಪದ್ಧತಿಯಾಗಿ ಅಂಗೀಕೃತವಾಯಿತು. ಮನೆಗಳಿಗೆ ಬರುವುದು ಅದರ ಸಂತತಿಯೇ.

ಹೊಸೆಯುವುದೇಕೆಂಬುದನ್ನು ತಿಳಿದವರಿಗೆ ಮುಂದಿನ ನಿಯಮಗಳೆಲ್ಲ ತಾನಾಗಿ ಅರ್ಥವಾಗುವುವು. ಕೇಬಲಿನ ಒಳಗೆ ೮ ಸಣ್ಣ ತಂತಿಗಳು, ೪ ಜೋಡಿಗಳಾಗಿ ಇರುತ್ತವೆ. ಸಮಾಚಾರವು ಒಂದು ಜೋಡಿಯ ಎರಡು ತಂತಿಗಳ ನಡುವಣ ವ್ಯತ್ಯಾಸದ ರೂಪದಲ್ಲಿ ಹರಿಯುತ್ತದೆ. ಹತ್ತಿರದ ಮಿಕ್ಸಿಯೋ ಪಂಪೋ ಎಬ್ಬಿಸುವ ವಿದ್ಯುತ್ತಿನ ಗದ್ದಲವು ಹಗ್ಗದಂತೆ ಹೊಸೆದುಕೊಂಡಿರುವ ಎರಡೂ ತಂತಿಗಳನ್ನು ಸಮವಾಗಿ ತಟ್ಟುತ್ತದೆ. ವ್ಯತ್ಯಾಸವನ್ನು ತೆಗೆಯುವಾಗ ಅದು ಕಳೆದುಹೋಗುತ್ತದೆ. ನಾಲ್ಕು ಜೋಡಿಗಳನ್ನೂ ಒಂದೇ ಬಿಗಿಯಲ್ಲಿ ಹೊಸೆದಿರುವುದಿಲ್ಲ; ಒಂದರ ಮಾತು ಮತ್ತೊಂದಕ್ಕೆ ಕೇಳಿಸಬಾರದೆಂದು ಒಂದೊಂದರ ಸುತ್ತನ್ನು ಬೇರೆಬೇರೆಯಾಗಿ ಇಟ್ಟಿರುತ್ತಾರೆ. ಟೆಲಿಫೋನಿನ ಅಲೆಗ್ಸಾಂಡರ್ ಗ್ರಹಾಂ ಬೆಲ್ಲನು ೧೮೮೧ರಷ್ಟು ಹಿಂದೆಯೇ ಈ ಉಪಾಯಕ್ಕೆ ಪೇಟೆಂಟ್ ಪಡೆದಿದ್ದನು.

ಇನ್ನು ಯೋಜನೆ. ಮನೆಯಲ್ಲಿ ಒಂದು ಸ್ಥಳವನ್ನು ಮೂಲವೆಂದು ಗೊತ್ತುಮಾಡಿ, ಹೊರಗಿನ ಸಂಪರ್ಕವನ್ನು ಅಲ್ಲಿಗೆ ತಂದು, ರೂಟರನ್ನೂ ಅದರ ಪಕ್ಕದಲ್ಲಿ ಎಂಟು ಬಾಯಿಗಳುಳ್ಳ ಒಂದು ಸ್ವಿಚ್ಚನ್ನೂ ಇಡತಕ್ಕದ್ದು. ಇದು ದೀಪದ ಸ್ವಿಚ್ಚಲ್ಲ, ಬಂದ ಸಂಪರ್ಕವನ್ನು ಹಲವು ತಂತಿಗಳಿಗೆ ಹಂಚಿಕೊಡುವ ಪೆಟ್ಟಿಗೆ. ಅಲ್ಲಿಂದ ಪ್ರತಿಯೊಂದು ಕೋಣೆಗೂ ಪ್ರತ್ಯೇಕವಾದ ಕೇಬಲ್ ಹೋಗಬೇಕು. ತೆಂಗಿನ ಗರಿಗಳು ಒಂದೇ ತಲೆಯಿಂದ ಹೊರಡುವಂತೆ. ಒಂದು ಕೋಣೆಯ ಕೇಬಲಿಗೆ ನಡುವೆ ಗಂಟು ಹಾಕಿ ಇನ್ನೊಂದಕ್ಕೆ ಕವಲು ತೆಗೆಯಕೂಡದು. ಒಂದು ಕೇಬಲ್ ೧೦೦ ಮೀಟರಿನವರೆಗೆ ಹೋಗಬಹುದಾದ್ದರಿಂದ ಉದ್ದದ ಚಿಂತೆ ಸಾಮಾನ್ಯ ಗೃಹಸ್ಥರಿಗಿಲ್ಲ.

ಯಾವ ಯಾವ ಕೋಣೆಗೆ ಎಂಬಲ್ಲಿಯೇ ನಮಗೆ ಒಂದು ಮಾತು ಹೇಳಬೇಕಾಗಿದೆ. ಚಾವಡಿಗೆ ಎಲ್ಲರೂ ಎಳೆಯಿಸುತ್ತಾರೆ. ಯಜಮಾನರ ಮೇಜಿಗೂ ಎಳೆಯಿಸುತ್ತಾರೆ. ಮಗನು ಆಟವಾಡುವ ಯಂತ್ರಕ್ಕೆ ಎಳೆಯಿಸಿದ ಮನೆಯೂ ಉಂಟು. ಮಗಳು ಓದುವ ಸ್ಥಳವನ್ನು ಕೇಳಿದರೆ "ಅವಳಿಗೆ ಮೊಬೈಲಿನಲ್ಲಿ ಸಾಕು" ಎಂಬ ಉತ್ತರ ಬರುವುದು. ಮೊದಲ ಕೇಬಲ್ ಅವಳ ಮೇಜಿಗೇ ಹೋಗಬೇಕೆಂಬುದು ನಮ್ಮ ಅಭಿಪ್ರಾಯ. ಏಕೆಂದರೆ ಟೆಲಿವಿಷನ್ ಒಂದು ಗಳಿಗೆ ತಡೆದು ನಿಂತರೆ ಯಾರಿಗೂ ನಷ್ಟವಿಲ್ಲ, ಪರೀಕ್ಷೆಯ ಹಾಳೆ ಅರ್ಧದಲ್ಲಿ ನಿಂತರೆ ನಷ್ಟವುಂಟು. ಹುಡುಗಿಯ ಕೈಗೆ ಅಂತರಜಾಲವನ್ನು ಕೊಡುವುದಕ್ಕೆ ಅಂಜುವ ತಾಯಂದಿರಿಗೆ ಒಂದು ಸಮಾಧಾನವನ್ನೂ ಹೇಳಬಹುದು. ಅಲೆಯು ಮನೆಯ ಮೂಲೆಮೂಲೆಗೂ ಹಾಸಿಗೆಯವರೆಗೂ ಹೋಗುವುದು. ತಂತಿಯಾದರೋ ನೀವು ಇಟ್ಟಲ್ಲಿಯೇ ಇರುವುದು. ಬಾಗಿಲು ತೆರೆದಿರುವ, ಗಾಳಿ ಬೆಳಕುಳ್ಳ, ಜನರ ಓಡಾಟವಿಲ್ಲದ ಒಂದು ಸ್ಥಳದಲ್ಲಿ ಮೇಜನ್ನು ಹಾಕಿ ಅಲ್ಲಿಗೆ ಸಾಕೆಟ್ಟನ್ನು ಕೊಡಿಸಿರಿ. ಆ ಮೇಜಿನಲ್ಲಿ ತಾಯಿಯೂ ಕುಳಿತು ಕೆಲಸ ಮಾಡಿದರೆ ಮತ್ತೂ ಒಳ್ಳೆಯದು. ಮೊಬೈಲುಗಳಿಗೆ ಹೇಗೂ ಅಲೆ ಬೇಕಾದುದರಿಂದ, ಹಿಂಭಾಗಕ್ಕೆ ಹೋದ ಒಂದು ಕೇಬಲಿನ ತುದಿಗೆ ವೈಫೈಯನ್ನು ಬೀರುವ ಇನ್ನೊಂದು ಪೆಟ್ಟಿಗೆಯನ್ನು ಹಚ್ಚಿದರೆ ಅಡಿಗೆಮನೆಗೂ ಸಂಪರ್ಕ ದೊರೆಯುವುದು.

ಕೇಬಲನ್ನು ಕೊಳ್ಳುವಾಗ ಎಚ್ಚರ ಬೇಕು. ಗೋಡೆಯೊಳಗೆ ಹೋಗತಕ್ಕದ್ದು ಕ್ಯಾಟ್-೬ ಎಂಬ ದರ್ಜೆಯದಾದರೆ ಸಾಕು. ಅದರಲ್ಲಿ ಸೆಕೆಂಡಿಗೆ ೧ ಗಿಗಾಬಿಟ್ ಧಾರಾಳವಾಗಿ ಹರಿಯುವುದು. ದರ್ಜೆಗಿಂತ ಮುಖ್ಯವಾದುದು ಲೋಹ. ಅಪ್ಪಟ ತಾಮ್ರವೆಂದು ತೋರುವ ಅಗ್ಗದ ಕೇಬಲುಗಳು ಕೆಲವು ನಿಜವಾಗಿ ತಾಮ್ರದ ಲೇಪವಿರುವ ಅಲ್ಯೂಮಿನಿಯಮ್ಮಿನವು. ಅಲ್ಯೂಮಿನಿಯಮ್ಮಿಗೆ ವಿದ್ಯುತ್ತನ್ನು ತಡೆಯುವ ಗುಣ ತಾಮ್ರಕ್ಕಿಂತ ಹೆಚ್ಚು. ಬಗ್ಗಿಸಿದರೆ ಬೇಗ ಮುರಿಯುತ್ತದೆ. ಕೇಬಲಿನ ಮೂಲಕವೇ ಕ್ಯಾಮರಾದಂಥವುಗಳಿಗೆ ವಿದ್ಯುತ್ತನ್ನು ಕಳುಹಿಸಿದರೆ ಬಿಸಿಯಾಗುತ್ತದೆ. ಒಂದು ತಂತಿಯ ತುದಿಯನ್ನು ಚಾಕುವಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುವುದು, ಅದೇ ಗುರುತು. ಪೆಟ್ಟಿಗೆಯನ್ನು ಎತ್ತಿದಾಗಲೇ ಹಗುರ ತಿಳಿಯುವುದು. ಗಾರೆಯೊಳಗೆ ಹುಗಿದ ಮೇಲೆ ಇಂಥದು ಕೆಟ್ಟರೆ ಕೇಬಲಿನ ಬೆಲೆಯಲ್ಲಿ ಉಳಿಸಿದುದಕ್ಕಿಂತ ಹೆಚ್ಚು ಹಣ ಮೇಸ್ತ್ರಿಯ ಕೂಲಿಗೇ ಹೋಗುವುದು.

ಹಾಗೆ ಹುಗಿಯುವುದೇ ತಪ್ಪು. ಕೇಬಲ್ ಯಾವಾಗಲೂ ಪಿ.ವಿ.ಸಿ. ಕೊಳವೆಯೊಳಗೆ ಇರಬೇಕು. ೨೫ ಮಿಲಿಮೀಟರಿನ ಕೊಳವೆಯಲ್ಲಿ ನಾಲ್ಕು ಕೇಬಲುಗಳು ಸರಾಗವಾಗಿ ಹೋಗುವುವು. ಎಳೆಯುವಾಗ ಅದರೊಡನೆ ಒಂದು ನೈಲಾನು ಹುರಿಯನ್ನೂ ಎಳೆದು ಅಲ್ಲಿಯೇ ಬಿಡಬೇಕು. ಹತ್ತು ವರ್ಷಗಳ ಮೇಲೆ ಬೇರೆ ಕೇಬಲ್ ಬೇಕಾದರೆ ಹುರಿಗೆ ಕಟ್ಟಿ ಎಳೆದರಾಯಿತು, ಗೋಡೆಯನ್ನು ಮುಟ್ಟಬೇಕಾಗಿಲ್ಲ. ದೀಪದ ತಂತಿ ಇರುವ ಕೊಳವೆಯಲ್ಲಿ ಇದನ್ನು ಎಂದಿಗೂ ಸೇರಿಸಕೂಡದು. ಕೂಲಿ ಉಳಿಯುವುದೆಂದು ಎಲೆಕ್ಟ್ರಿಷನ್ನನು ಹೇಳಿದರೂ ಒಪ್ಪಬಾರದು. ಇದು ಗದ್ದಲದ ಪ್ರಶ್ನೆ ಮಾತ್ರವಲ್ಲ, ಪ್ರಾಣದ ಪ್ರಶ್ನೆ. ಎರಡಕ್ಕೂ ನಡುವೆ ಒಂದು ಗೇಣಿನಷ್ಟು ದೂರವಿರಲಿ. ದಾಟಲೇಬೇಕಾದಲ್ಲಿ ನೇರ ಅಡ್ಡವಾಗಿ ದಾಟಲಿ. ಕೇಬಲನ್ನು ಮೂಲೆಯಲ್ಲಿ ಮಡಿಸದೆ ಕೈಬಳೆಯ ಹಾಗೆ ದುಂಡಗೆ ತಿರುಗಿಸಬೇಕು. ೧೧ ಕಿಲೋಗ್ರಾಂ ತೂಗುವ ಭಾರಕ್ಕಿಂತ ಹೆಚ್ಚಾಗಿ ಜಗ್ಗಿದರೆ ಒಳಗಿನ ಹುರಿ ಕೆಡುವುದು. ಅದು ಹೊರಗಿನಿಂದ ಕಾಣುವುದಿಲ್ಲ.

ಹಂಚಿನ ಮನೆಗಳವರಿಗೆ ಒಂದು ಅನುಕೂಲವುಂಟು. ಮರದ ಮುಚ್ಚಿಗೆಯ ಮೇಲಿನಿಂದ ಕೊಳವೆಯನ್ನು ಒಯ್ದು, ಬೇಕಾದ ಕೋಣೆಯ ಮೂಲೆಯಲ್ಲಿ ಕೆಳಕ್ಕೆ ಇಳಿಸಿದರೆ ಮುರಕಲ್ಲನ್ನು ಕೊರೆಯುವ ಕೆಲಸ ಬಹಳ ಕಡಿಮೆಯಾಗುವುದು. ಆದರೆ ಅಟ್ಟದಲ್ಲಿ ಇಲಿಗಳು ಸಂಸಾರ ಮಾಡಿಕೊಂಡಿರುತ್ತವೆ. ಬರಿಯ ಕೇಬಲನ್ನು ಅಲ್ಲಿ ಹಾಸಿ ಬಂದವರು ಒಂದು ಮಳೆಗಾಲ ಕಳೆಯುವುದರೊಳಗಾಗಿ ಮತ್ತೆ ಏಣಿ ಹಾಕಬೇಕಾಗುತ್ತದೆ.

ತುದಿಗಳನ್ನು ಕಟ್ಟುವುದು ಈ ಕೆಲಸದ ಸೂಕ್ಷ್ಮಭಾಗ. ಗೋಡೆಯ ಕೇಬಲ್ ಗೋಡೆಯಲ್ಲಿಯೇ ಒಂದು ಸಾಕೆಟ್ಟಿನಲ್ಲಿ ಮುಗಿಯಬೇಕು. ಅಲ್ಲಿಂದ ಕಂಪ್ಯೂಟರಿಗೆ ಮೃದುವಾದ ಬೇರೊಂದು ತುಂಡು. ಆರ್.ಜೆ.-೪೫ ಎಂಬ ಪ್ಲಗ್ಗಿನಲ್ಲಿ ಎಂಟು ತಂತಿಗಳ ಕ್ರಮ ಹೀಗಿರಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿಯು ಮೂರನೆಯ ಮತ್ತು ಆರನೆಯ ಸ್ಥಾನಗಳಲ್ಲಿ ಕುಳಿತು, ನಡುವೆ ನೀಲಿ ಜೋಡಿಯನ್ನು ಇಟ್ಟುಕೊಂಡಿರುವುದನ್ನು ಗಮನಿಸಿರಿ. ಅನೇಕರು ಇದನ್ನು ಲಕ್ಷಿಸದೆ, ಎರಡು ಕಡೆಯೂ ಒಂದೇ ಆಗಿದ್ದರಾಯಿತೆಂದು ಬಣ್ಣಗಳನ್ನು ಸಾಲಾಗಿ ಕೂರಿಸುತ್ತಾರೆ. ಪರೀಕ್ಷಿಸುವ ಪೆಟ್ಟಿಗೆಯಲ್ಲಿ ಒಂದರಿಂದ ಎಂಟರವರೆಗೆ ದೀಪಗಳೆಲ್ಲ ಸರಿಯಾಗಿ ಹತ್ತುವುವು. ಕೆಲಸದವನು ಹಣವನ್ನು ತೆಗೆದುಕೊಂಡು ಹೋಗುವನು. ಆದರೆ ಮೂರು ಮತ್ತು ಆರನೆಯ ತಂತಿಗಳು ಒಂದನ್ನೊಂದು ಹೊಸೆದುಕೊಂಡ ಜೋಡಿಯಾಗಿರದೆ ಬೇರೆಬೇರೆ ಜೋಡಿಗಳಿಗೆ ಸೇರಿದವಾಗುವುದರಿಂದ ಗದ್ದಲವು ಕಳೆಯುವುದಿಲ್ಲ. ಸಂಪರ್ಕವಿದ್ದೂ ಇಲ್ಲದಂತೆ ತೊಡಕುವುದು. ಜೋಡಿಗಳನ್ನು ಬಿಚ್ಚುವುದೂ ತುದಿಯಲ್ಲಿ ೧೩ ಮಿಲಿಮೀಟರಿಗಿಂತ ಹೆಚ್ಚಾಗಿರಬಾರದು. ಕೆಲಸ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಸಂಪರ್ಕದ ವೇಗವನ್ನು ನೋಡಿರಿ. ಸೆಕೆಂಡಿಗೆ ೧೦೦೦ ಮೆಗಾಬಿಟ್ ಎಂದು ತೋರಬೇಕಾದಲ್ಲಿ ೧೦೦ ಎಂದಿದ್ದರೆ ಮೊದಲು ತುದಿಗಳನ್ನೇ ಸಂಶಯಿಸಬೇಕು. ೧೦೦ಕ್ಕೆ ಎರಡು ಜೋಡಿಗಳು ಸಾಕು, ೧೦೦೦ಕ್ಕೆ ನಾಲ್ಕೂ ಬೇಕು. ಹೊಲಿಗೆ ಕಸೂತಿಗಳಲ್ಲಿ ಪಳಗಿದ ಬೆರಳುಗಳಿಗೆ ಈ ಕೆಲಸವು ಗಂಡಸರಿಗಿಂತ ಚೆನ್ನಾಗಿ ಒಗ್ಗುವುದೆಂದು ನಮ್ಮ ಒಂಬತ್ತನೆಯ ತರಗತಿಯವರು ತೋರಿಸಿಕೊಟ್ಟಿದ್ದಾರೆ.

ಸಿಡಿಲಿನ ವಿಚಾರವನ್ನು ಕರಾವಳಿಯವರು ಮರೆಯುವಂತಿಲ್ಲ. ಏಪ್ರಿಲ್ ಮೇ ತಿಂಗಳುಗಳಲ್ಲಿಯೂ ಮತ್ತೆ ಮಳೆಗಾಲದ ಕೊನೆಗೂ ಗುಡುಗು ಬರುವಾಗ, ಕಂಬದಿಂದ ಮನೆಗೆ ತಾಮ್ರದ ಕೇಬಲ್ ಬಂದಿದ್ದರೆ ಅದರ ಮೂಲಕ ವಿದ್ಯುತ್ತು ನುಗ್ಗಿ ರೂಟರನ್ನೂ ಕಂಪ್ಯೂಟರನ್ನೂ ಸುಡಬಹುದು. ಗಾಜಿನ ಎಳೆಯಲ್ಲಿ ಬೆಳಕನ್ನು ಸಾಗಿಸುವ ಫೈಬರ್ ಕೇಬಲಿನಲ್ಲಿ ಆ ಭಯ ಕಡಿಮೆ, ಆದರೂ ಅದರೊಡನೆ ಆಧಾರಕ್ಕಾಗಿ ಉಕ್ಕಿನ ತಂತಿ ಇದ್ದರೆ ಅದನ್ನು ಒಳಗೆ ತರದೆ ಹೊರಗೇ ಕತ್ತರಿಸಿಡಬೇಕು. ಅಂಗಳದಾಚೆಯ ಕೊಟ್ಟಿಗೆಗೋ ಅಣ್ಣನ ಮನೆಗೋ ತೆಂಗಿನ ಮರದಿಂದ ಮರಕ್ಕೆ ತಾಮ್ರದ ಕೇಬಲನ್ನು ತೂಗಬೇಡಿರಿ. ಎರಡು ಕಟ್ಟಡಗಳ ನಡುವೆ ಫೈಬರೇ ಸರಿ. ಕರೆಂಟು ಹೋದಾಗಲೂ ಸಂಪರ್ಕ ಉಳಿಯಬೇಕಾದರೆ ಫೈಬರಿನ ಪೆಟ್ಟಿಗೆ, ರೂಟರು, ಸ್ವಿಚ್ಚು ಮೂರೂ ಇನ್ವರ್ಟರಿನ ಸಾಲಿನಲ್ಲಿರಬೇಕು. ಒಂದನ್ನು ಬಿಟ್ಟರೆ ಉಳಿದೆರಡು ಉರಿಯುತ್ತಿದ್ದೂ ವ್ಯರ್ಥ.

ಯಾವ ಕೇಬಲ್ ಯಾವ ಕೋಣೆಗೆ ಎಂಬುದನ್ನು ಎರಡು ತುದಿಗಳಲ್ಲಿಯೂ ಬರೆದು ಅಂಟಿಸಿ, ಗಾರೆ ಮುಚ್ಚುವ ಮೊದಲು ಕೊಳವೆಗಳ ಛಾಯಾಚಿತ್ರಗಳನ್ನು ತೆಗೆದಿಟ್ಟುಕೊಳ್ಳಿರಿ. ಮುಂದೆ ಕಪಾಟಿಗೆಂದು ಮೊಳೆ ಹೊಡೆಯುವವರಿಗೆ ಬೇಕಾಗುವುದು. ಮನೆಯನ್ನು ಕಟ್ಟಿಸುತ್ತಿರುವ ಹಳೆಯ ವಿದ್ಯಾರ್ಥಿನಿಯರು ತುದಿ ಕಟ್ಟುವ ಕ್ರಮವನ್ನು ಕಣ್ಣಾರೆ ನೋಡಬಯಸಿದರೆ ಶನಿವಾರ ಮಧ್ಯಾಹ್ನ ಶಾಲೆಯ ಕಂಪ್ಯೂಟರ್ ಕೋಣೆಗೆ ಬರಬಹುದು. ಇಕ್ಕಳವೂ ಪರೀಕ್ಷಿಸುವ ಪೆಟ್ಟಿಗೆಯೂ ಅಲ್ಲಿವೆ. ಒಂದು ಮೊಳ ಕೇಬಲನ್ನು ತಾವೇ ತಂದರೆ ಸಾಕು.